ಕೇಳಿದ್ದು ಸುಳ್ಳೇ?

ಕಣ್ಣಿಗೆ ಕಾಣದ ಸಂಗತಿಗಳನ್ನು ಕುರಿತು ನಾಲ್ಕು ಜನ ಕುಳಿತು ಚರ್ಚಿಸುವುದು ಯುಕ್ತವೇ, ಲಿಂಗಧಾರಿಯಾದವನು ಅಂಥ ಸಭೆಗೆ ಹೋಗಬಹುದೇ ಎಂದು ಭಕ್ತರೊಬ್ಬರು ನನ್ನನ್ನು ಕೇಳಿದರು. ಇದಕ್ಕೆ ತತ್ತ್ವದ ಒಂದು ಮಾತಿನಿಂದ ಉತ್ತರವಿತ್ತು ಮುಗಿಸುವುದು ಸುಲಭ. ಆದರೆ ನಾನೇ ಅಂಥದೊಂದು ಸಭೆಗೆ ಹೋಗಿ ಬಂದವನು. ಅಲ್ಲಿ ನಾನಾಡಿದ ಮಾತೊಂದು ಇಂದಿಗೂ ನನ್ನನ್ನು ಚುಚ್ಚುತ್ತಿರುವುದರಿಂದ ನಡೆದುದನ್ನೇ ವಾಚಕರ ಮುಂದಿಡುತ್ತೇನೆ.

ವಿಜಯನಗರದ ಮಗ್ಗುಲಲ್ಲಿರುವ ಆರ್‌ಪಿಸಿ ಲೇಔಟ್, ಹಂಪಿನಗರವೆಂದೂ ಹೆಸರುಳ್ಳ ಬಡಾವಣೆ. ಅಲ್ಲಿಯ ಗೃಹಸ್ಥರೊಬ್ಬರ ಮಹಡಿಯ ಮೇಲೆ ಭಾನುವಾರ ಸಂಜೆ ಹದಿನೈದು ಜನ ಕೂಡುತ್ತಾರೆ. ನಿವೃತ್ತ ನೌಕರರು, ಒಬ್ಬಿಬ್ಬರು ಉಪಾಧ್ಯಾಯಿನಿಯರು, ಕಾಲೇಜಿನ ಹುಡುಗರು. ಪ್ರೇತಬಾಧೆ, ಪೂರ್ವಜನ್ಮದ ಸ್ಮೃತಿ, ಸ್ವಪ್ನದಲ್ಲಿ ಮುಂದಿನದು ತೋರುವುದು, ಇವೇ ವಿಷಯ. ತೊಂಬತ್ತರ ದಶಕದಲ್ಲಿ ರಾತ್ರಿ ಬಾಗಿಲು ತಟ್ಟುವ ಹೆಣ್ಣುಭೂತದ ವದಂತಿ ಹಬ್ಬಿ, ಬೆಂಗಳೂರಿನ ಬಾಗಿಲುಗಳ ಮೇಲೆಲ್ಲ ‘ನಾಳೆ ಬಾ’ ಎಂದು ಬರೆಯಲಾಗಿತ್ತಷ್ಟೆ. ಬಾಲ್ಯದಲ್ಲಿ ತಾವೇ ಸುಣ್ಣದಿಂದ ಹಾಗೆ ಬರೆದುದನ್ನು ಒಬ್ಬರು ವರ್ಣಿಸಿದಾಗ ಎಲ್ಲರೂ ನಕ್ಕರು. ನಗೆಯ ನಡುವೆಯೂ ಒಬ್ಬ ಹುಡುಗ ಮಾತ್ರ ಮೆಟ್ಟಿಲ ಕಡೆಗೆ ಒಮ್ಮೆ ತಿರುಗಿ ನೋಡಿದನು.

ಇಂಥ ಜಿಜ್ಞಾಸೆ ನಮ್ಮ ಊರಿಗೆ ಹೊಸತಲ್ಲ. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಕಟ್ಟಿದ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಒಂದು ಸಮಿತಿಯನ್ನೇ ರಚಿಸಿದರು. ಪುಟ್ಟಪರ್ತಿಯ ಸತ್ಯಸಾಯಿ ಬಾಬಾ ಅವರಿಗೆ ಪರೀಕ್ಷೆಗೆ ಒಪ್ಪಬೇಕೆಂದು ಮೂರು ಪತ್ರ ಬರೆದರು, ಉತ್ತರ ಬರಲಿಲ್ಲ. ಇದೇ ಊರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿದ್ದ ಡಾ. ಸತ್ವಂತ್ ಪಸ್ರೀಚಾ ಅವರು, ಹಿಂದಿನ ಜನ್ಮ ನೆನಪಿದೆಯೆನ್ನುವ ಮಕ್ಕಳ ಸಂಗತಿಗಳನ್ನು ಅಮೆರಿಕದ ಇಯನ್ ಸ್ಟೀವನ್‌ಸನ್ ಅವರೊಡನೆ ಪರಿಶೀಲಿಸಿದರು. ಆ ಸ್ಟೀವನ್‌ಸನ್ನರು ತಮ್ಮ 1966ರ ಗ್ರಂಥದ ಹೆಸರಿನಲ್ಲಿಯೇ ಇವು ಪುನರ್ಜನ್ಮವನ್ನು ‘ಸೂಚಿಸುವ’ ಪ್ರಸಂಗಗಳೆಂದರಲ್ಲದೆ ಸಿದ್ಧಪಡಿಸುವವು ಎನ್ನಲಿಲ್ಲ. ನರಸಿಂಹಯ್ಯನವರ ದಾರಿ ಬೇರೆ, ಇವರ ದಾರಿ ಬೇರೆ. ಆದರೂ ಯಾರು ಕಂಡರು, ಯಾವಾಗ ಕಂಡರು ಎಂದು ಕೇಳುವುದನ್ನು ಇಬ್ಬರೂ ಬಿಡಲಿಲ್ಲ. ಇಷ್ಟು ಎಚ್ಚರವಿದ್ದರೆ ಪ್ರಶ್ನಿಸುವುದರಲ್ಲಿ ದೋಷವೇನೂ ನನಗೆ ಕಾಣದು.

ಆ ಸಂಜೆ, ಅಲ್ಲಿಯವರೆಗೆ ಮೌನವಾಗಿದ್ದ ಹಿರಿಯರೊಬ್ಬರು ಬಾಯಿ ತೆರೆದರು. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಕರಡಿಗೆ. ಅವರ ಧರ್ಮಪತ್ನಿ ಲಿಂಗೈಕ್ಯರಾಗಿ ಏಳು ತಿಂಗಳಾಗಿತ್ತು. ದಿನವೂ ಬೆಳಗಿನ ಐದು ಗಂಟೆಗೆ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು, ಬಳಿಕ ಬಳೆಗಳ ಸದ್ದು ಕೇಳಿಸುವುದಂತೆ. ಎದ್ದು ಹೋದರೆ ಯಾರೂ ಇಲ್ಲ. “ಅವಳಿಗೇನಾದರೂ ಬೇಕಾಗಿದೆಯೇ ಎಂದು ತಿಳಿಯಬೇಕಾಗಿದೆ” ಎಂದರು.

ಕ್ಷಣಮಾತ್ರದಲ್ಲಿ ಸಭೆ ಎರಡಾಯಿತು. ಒಂದು ಪಕ್ಷದವರು ಆತ್ಮಕ್ಕೆ ತೃಪ್ತಿಯಿಲ್ಲವೆಂದರು. ಅದನ್ನು ಕರೆದು ಮಾತನಾಡಿಸಬಲ್ಲವನೊಬ್ಬನು ಮಾಗಡಿ ರಸ್ತೆಯ ಕಡೆ ಇದ್ದಾನೆ, ಇಪ್ಪತ್ತು ಸಾವಿರ ರೂಪಾಯಿ ತೆಗೆದುಕೊಳ್ಳುತ್ತಾನೆ ಎಂದು ಒಬ್ಬರು ದೂರವಾಣಿ ಸಂಖ್ಯೆಯನ್ನು ಚೀಟಿಯಲ್ಲಿ ಬರೆದೂ ಕೊಟ್ಟರು. ಇನ್ನೊಂದು ಪಕ್ಷದವರು ಇದು ಮಿದುಳಿನ ಭ್ರಮೆ, ಮಾತ್ರೆಯಿಂದ ಹೋಗುವುದೆಂದರು. ಆಗ ನಾನು, ಸಭೆಯಲ್ಲಿ ತತ್ತ್ವ ಬಲ್ಲವನು ನಾನೊಬ್ಬನೇ ಎಂಬ ಹಮ್ಮಿನಿಂದ ನುಡಿದೆನು: “ಶರಣರಿಗೆ ಮರಣವೆಂಬುದು ಲಿಂಗದಲ್ಲಿ ಬೆರೆಯುವುದು. ನಮ್ಮಲ್ಲಿ ಮರಣಸೂತಕವನ್ನೇ ಒಪ್ಪುವುದಿಲ್ಲ. ಬೆರೆತವರು ಅಡುಗೆಮನೆಗೆ ಮರಳಿ ಬರುವರೆಂದು ಭಾವಿಸುವುದು ಭವಿಯ ನಂಬಿಕೆ. ನೀವು ಧರಿಸಿದ ಲಿಂಗಕ್ಕೆ ಅಪಚಾರ.”

ಅವರು ತಲೆತಗ್ಗಿಸಿದರು. ಸಭೆ ಬೇರೆ ವಿಷಯಕ್ಕೆ ಹೋಯಿತು. ಮರಳುವಾಗ ಬೀದಿಯ ತಿರುವಿನಲ್ಲಿ ಅವರೇ ನನ್ನನ್ನು ನಿಲ್ಲಿಸಿ ಕೇಳಿದರು: “ಸ್ವಾಮಿ, ತಾವು ಹೇಳಿದ್ದು ನಿಜವೇ ಇರಬಹುದು. ಆದರೆ ನಾನು ಕೇಳಿದ್ದು ಸುಳ್ಳೇ?”

ನನ್ನಲ್ಲಿ ಉತ್ತರವಿರಲಿಲ್ಲ.

ವೇಲ್ಸಿನ ಹಳ್ಳಿಗಾಡಿನ ವೈದ್ಯ ಡೆವಿ ರೀಸ್ ಎಂಬುವರು 1971ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವು ಬಳಿಕ ನನ್ನ ದೃಷ್ಟಿಗೆ ಬಿದ್ದಿತು. ಸಂಗಾತಿಯನ್ನು ಕಳೆದುಕೊಂಡ 293 ಸ್ತ್ರೀಪುರುಷರನ್ನು ಅವರು ಸ್ವತಃ ಕಂಡು ಮಾತನಾಡಿಸಿದರು. ಹೆಚ್ಚುಕಡಮೆ ಅರ್ಧದಷ್ಟು ಜನ, ಹೋದವರು ಬಳಿಯಲ್ಲಿರುವಂತೆ ಭಾಸವಾಗುವುದನ್ನೋ, ದನಿ ಕೇಳಿಸುವುದನ್ನೋ, ರೂಪ ಕಾಣುವುದನ್ನೋ ಅನುಭವಿಸಿದ್ದರು. ಅವರು ಹುಚ್ಚರಲ್ಲ, ಬಹುಮಂದಿಗೆ ಅದು ಸಮಾಧಾನವನ್ನೇ ಕೊಟ್ಟಿತ್ತು. ಹೀಗಿದ್ದರೂ ಅವರಲ್ಲಿ ಹೆಚ್ಚಿನವರು ಈ ಸಂಗತಿಯನ್ನು ಅದುವರೆಗೆ ಯಾರಿಗೂ ತಿಳಿಸಿರಲಿಲ್ಲ. ಏಕೆ ತಿಳಿಸಿರಲಿಲ್ಲವೆಂಬುದನ್ನು ಆರ್‌ಪಿಸಿ ಲೇಔಟಿನ ಆ ಸಂಜೆಯಿಂದ ನಾನು ಊಹಿಸಬಲ್ಲೆ.

ಆ ಹಿರಿಯರು ಕೇಳಿದ್ದು ಸುಳ್ಳಲ್ಲ. ನಲವತ್ತು ವರ್ಷ ಐದು ಗಂಟೆಗೆ ಕೇಳಿದ ಸದ್ದನ್ನು ಕಿವಿ ಏಳು ತಿಂಗಳಲ್ಲಿ ಮರೆಯದು. ಆ ಸದ್ದಿನಿಂದ ಮಡದಿ ಮರಳಿ ಬಂದರೆಂದು ಸಿದ್ಧವಾಗುವುದಿಲ್ಲವೆಂಬುದೂ ಅಷ್ಟೇ ನಿಜ. ಅನುಭವವೊಂದು, ಅದಕ್ಕೆ ಹಚ್ಚುವ ಅರ್ಥ ಇನ್ನೊಂದು. ಕರೆದು ಮಾತನಾಡಿಸುವೆನೆಂದವರು ಅರ್ಥವನ್ನು ಉಳಿಸಿಕೊಳ್ಳಲು ಹಣ ಕೇಳಿದರು. ನಾನು ಅರ್ಥವನ್ನು ಅಲ್ಲಗಳೆಯುವ ಭರದಲ್ಲಿ ಅನುಭವವನ್ನೂ ತುಳಿದೆ. ಇಬ್ಬರಲ್ಲಿ ಒಬ್ಬರಾದರೂ ಆ ತಾಯಿಯ ಹೆಸರನ್ನು ಕೇಳಲಿಲ್ಲ. ಭೂತ ಬಿಡಿಸುವ ನೆವದಿಂದ ಹೊಡೆಯುವುದು ದಂಡನೀಯವೆಂದು ರಾಜ್ಯದ 2017ರ ಕಾಯಿದೆ ಹೇಳುತ್ತದೆ. ತತ್ತ್ವದ ನೆವದಿಂದ ಹೊಡೆಯುವವನನ್ನು ಯಾವ ಕಾಯಿದೆ ಹಿಡಿದೀತು?

ಕಲ್ಯಾಣದ ಅನುಭವಮಂಟಪದಲ್ಲಿಯೂ ಪ್ರಶ್ನೆಗಳು ಕಠಿನವಾಗಿಯೇ ಇದ್ದವು. ಅಕ್ಕಮಹಾದೇವಿಯನ್ನು ಅಲ್ಲಮಪ್ರಭುಗಳು ಪ್ರಶ್ನಿಸಿದ ಬಗೆಯನ್ನು ಶೂನ್ಯಸಂಪಾದನೆಯಲ್ಲಿ ಓದಿದವರಿಗೆ ಇದು ತಿಳಿದೇ ಇದೆ. ಆದರೆ ಪ್ರಭುಗಳು ಪ್ರಶ್ನೆಯೊಂದನ್ನೆಸೆದು ಮುಖ ತಿರುಗಿಸಲಿಲ್ಲ. ಎದುರಿಗಿದ್ದವರ ಉತ್ತರ ಪೂರ್ತಿಯಾಗುವವರೆಗೂ ಕೇಳಿದರು. ನನಗೆ ಪ್ರಶ್ನೆಯ ಕಾಠಿನ್ಯ ಮಾತ್ರ ಬಂದಿತ್ತು, ಆ ಕೇಳುವಿಕೆ ಬಂದಿರಲಿಲ್ಲ.

ಮುಂದಿನ ಭಾನುವಾರ ಅವರು ಸಭೆಗೆ ಬರಲಿಲ್ಲ. ವಿಳಾಸ ವಿಚಾರಿಸಿಕೊಂಡು ಮನೆಗೆ ಹೋದೆ. ಶರಣು ಶರಣಾರ್ಥಿ ಎಂದು ಒಳಗೆ ಕರೆದು ತಾವೇ ಕಾಫಿ ಕಾಸಿದರು. ಸಕ್ಕರೆಯ ಡಬ್ಬ ಎಲ್ಲಿದೆಯೆಂದು ಎರಡು ಬಾರಿ ಹುಡುಕಿದರು. ದೇವರ ಜಗಲಿಯ ಮೇಲೆ ಆ ದೂರವಾಣಿ ಸಂಖ್ಯೆಯ ಚೀಟಿ ವಿಭೂತಿಗಟ್ಟಿಯ ಕೆಳಗೆ ಇನ್ನೂ ಇತ್ತು. ಅದರ ವಿಚಾರ ನಾನೆತ್ತಲಿಲ್ಲ. “ನಿಮ್ಮ ಮನೆಯವರು ಯಾವ ಊರಿನವರು?” ಎಂದು ಕೇಳಿದೆ. ಕತ್ತಲಾಗುವವರೆಗೂ ಹೇಳಿದರು: ತುರುವೇಕೆರೆಯ ಕಡೆಯ ತವರು, ಮೊದಲ ಮಗು ಉಳಿಯದೆ ಹೋದುದು, ಕೊನೆಯ ದಿನಗಳಲ್ಲಿ ಆಸ್ಪತ್ರೆಯಿಂದ ಮನೆಗೆ ಕರೆದುಕೊಂಡು ಹೋಗಿರೆಂದು ಅವರು ಬೇಡಿಕೊಂಡದ್ದು, ತಾವು ಕರೆತರದಿದ್ದುದು. ಅಲ್ಲಿಗೆ ಬಂದು ಮಾತು ನಿಂತಿತು.

ಹೊರಡುವಾಗ ಬಾಗಿಲವರೆಗೆ ಬಂದು, “ಬರುವ ಭಾನುವಾರವೂ ಬನ್ನಿ. ಹಾಲು ಹೆಚ್ಚಿಗೆ ತರಿಸಿಟ್ಟಿರುತ್ತೇನೆ” ಎಂದರು.