ಗಿಡಮೂಲಿಕೆ ಎಂದ ಮಾತ್ರಕ್ಕೆ

ಹೋದ ದೀಪಾವಳಿಗೆ ಊರಿಗೆ ಹೋದಾಗ ಅಮ್ಮನ ಬಿಪಿ ಮಾತ್ರೆಯ ಶೀಟು ಹಾಗೇ ಉಳಿದಿತ್ತು. "ನೀನೇ ಕಳಿಸಿದ್ದೆಯಲ್ಲೋ ಗಿಡಮೂಲಿಕೆ ಮಾತ್ರೆ, ಅದಿರುವಾಗ ಇದ್ಯಾಕೆ?" ಎಂದಳು. ನಿಜ, ಪುಣೆಯಿಂದ ಕಳಿಸಿದವನು ನಾನೇ. ಡಬ್ಬಿಯ ಮೇಲೆ 'ಸಕ್ಕರೆ, ಬಿಪಿ ಎರಡಕ್ಕೂ, ಅಡ್ಡಪರಿಣಾಮವಿಲ್ಲ' ಎಂದಿತ್ತು. ಆಫೀಸಿನಲ್ಲಿ ಟೆಸ್ಟಿಂಗ್ ಮುಗಿಯದೆ ಒಂದು ಸಾಲು ಕೋಡನ್ನೂ ರಿಲೀಸ್ ಮಾಡಲು ಬಿಡದ ನಾನು, ಅಮ್ಮನ ವಿಷಯದಲ್ಲಿ ಒಂದೂ ಪ್ರಶ್ನೆ ಕೇಳಿರಲಿಲ್ಲ. ಬಿಪಿ ನೋಡಿಸಿದರೆ 180 ದಾಟಿತ್ತು.

ಗಿಡಮೂಲಿಕೆಯಲ್ಲಿ ಗುಣವಿಲ್ಲ ಎನ್ನುವವನಲ್ಲ ನಾನು. ಸರ್ಪಗಂಧದ ಬೇರು ರಕ್ತದೊತ್ತಡ ಇಳಿಸುತ್ತದೆಂದು ಮುಂಬೈನ ವೈದ್ಯ ರುಸ್ತುಂ ಜಾಲ್ ವಕೀಲ್ 1949ರಲ್ಲಿ ತಮ್ಮ ರೋಗಿಗಳ ಅಧ್ಯಯನದಿಂದ ಜಗತ್ತಿಗೆ ತೋರಿಸಿದರು. 1952ರಲ್ಲಿ ಅದೇ ಬೇರಿನಿಂದ ರೆಸರ್ಪಿನ್ ಬೇರ್ಪಡಿಸಲಾಯಿತು. ಮುಂದೆ ಅದನ್ನು ತೆಗೆದುಕೊಂಡ ಕೆಲವರಲ್ಲಿ ಮೂಗು ಕಟ್ಟುವುದು, ಖಿನ್ನತೆ ಕಾಣಿಸಿಕೊಂಡವು. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್‌ನ ಮೂಲವೂ ಯುರೋಪಿನ ಒಂದು ಗಿಡವೇ. ಮೈಯಲ್ಲಿ ಕೆಲಸ ಮಾಡುವ ಶಕ್ತಿಯಿರುವ ಮೂಲಿಕೆಗೆ ಕೆಡುಕು ಮಾಡುವ ಶಕ್ತಿಯೂ ಇದ್ದೀತು. ಪರೀಕ್ಷೆಯ ಲೆಕ್ಕ ಕೊಡದೆ 'ಗುಣ ಖಚಿತ, ಅಡ್ಡಪರಿಣಾಮ ಇಲ್ಲವೇ ಇಲ್ಲ' ಎನ್ನುವವರು, ಅಜ್ಜಿಯ ಕಷಾಯದ ಮೇಲೆ ನಮಗಿರುವ ನಂಬಿಕೆಯನ್ನೇ ಡಬ್ಬಿಗೆ ತುಂಬಿ ಮಾರುತ್ತಿದ್ದಾರೆ.

ಮಾರುವವರ ತಪ್ಪು ದೊಡ್ಡದು. ಆದರೆ ಅಮ್ಮ ನಂಬಿದ್ದು ಡಬ್ಬಿಯನ್ನಲ್ಲ, ಮಗನನ್ನು. ದೂರದಲ್ಲಿರುವ ನಮಗೆ ಕೊರಿಯರ್ ಮಾಡುವುದು ಸುಲಭ. ದಿನಾ 'ಮಾತ್ರೆ ತಗೊಂಡ್ಯಾ' ಎಂದು ಕೇಳುವುದು ಕಷ್ಟ. ಕಾಳಜಿ ಎಂದುಕೊಂಡು ನಾನು ಕೊಂಡದ್ದು ನನ್ನ ಸಮಾಧಾನವನ್ನು.

ಈಗ ರಾತ್ರಿ ಒಂಬತ್ತಕ್ಕೆ ಫೋನ್ ಮಾಡುತ್ತೇನೆ. ಅಮ್ಮ ಬೈಯುತ್ತಲೇ ಡಾಕ್ಟರು ಕೊಟ್ಟ ಮಾತ್ರೆ ನುಂಗುತ್ತಾಳೆ.