ನೆಲ ನಿಜವಾಗ್ಲೂ ಡೊಂಕಿದ್ದರೆ?

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆಯನ್ನ ನಾವೆಲ್ಲ ಎಷ್ಟು ಸಲೀಸಾಗಿ ಎತ್ತಿ ಎಸೀತೀವಿ! ಆದರೆ ಯಾರಾದ್ರೂ ಒಬ್ಬರು ಎದ್ದುಹೋಗಿ ಆ ನೆಲವನ್ನ ನೋಡಿ ಬಂದರಾ? ಗಾದೆಯಲ್ಲಿ ಅದರ ಸುದ್ದಿ ಇಲ್ಲ. ನನಗೆ ಈ ಅನುಮಾನ ಹತ್ತಿಕೊಂಡಿದ್ದು ಕ್ಲಾರಿಯೋನೆಟ್ ಕಲಿಯೋಕೆ ಹೋದ ಮೇಲೆ.

ಕ್ಲಾಸು ಸುಲ್ತಾನ್‌ಪೇಟೆಯಲ್ಲಿ, ಮದುವೆ ಕಾರ್ಡಿನ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ. ಮೇಷ್ಟ್ರು ಮೂವತ್ತು ವರ್ಷ ಬ್ಯಾಂಡ್‌ಸೆಟ್‌ನಲ್ಲಿ ಊದಿದವರು. ಕೆಳಗೆ ಲಗ್ನಪತ್ರಿಕೆ, ಮೇಲೆ ಬ್ಯಾಂಡು, ಒಂದೇ ಕಟ್ಟಡದಲ್ಲಿ ಅರ್ಧ ಮದುವೆ ಮುಗಿಯುತ್ತೆ. (ಇದು ಬರೀ ಮೆರವಣಿಗೆ ವಾದ್ಯ ಅಂತ ಮೂಗು ಮುರಿಯೋರು ರಾಯಚೂರಿನ ಪಂಡಿತ್ ನರಸಿಂಹಲು ವಡವಾಟಿಯವರ ಹಿಂದುಸ್ತಾನಿ ವಾದನ ಕೇಳಬೇಕು.)

ಕ್ಲಾರಿಯೋನೆಟ್‌ನ ದನಿ ಹುಟ್ಟೋದು ಒಂದು ಸಣ್ಣ ಪಟ್ಟಿಯಿಂದ. ಅದೇ ರೀಡು. ಬಿದಿರಿನ ದಾಯಾದಿಯಂಥ ಅರುಂಡೋ ಡೊನಾಕ್ಸ್ ಅನ್ನೋ ಎತ್ತರದ ಹುಲ್ಲಿನ ಕಾಂಡವನ್ನ ಕಡಿದು, ಒಣಗಿಸಿ, ಹೆರೆದು ಮಾಡಿದ್ದು. ಹೆಸರಾಂತ ಬೆಳೆ ದಕ್ಷಿಣ ಫ್ರಾನ್ಸಿನ ವಾರ್ ಪ್ರಾಂತ್ಯದ್ದು. ತುದಿಯಲ್ಲಿ ಅದರ ದಪ್ಪ ಸುಮಾರು 0.1 ಮಿಲಿಮೀಟರ್. ಹುಲ್ಲು ಅಂದಮೇಲೆ ಒಂದರಂತೆ ಇನ್ನೊಂದಿರಲ್ಲ. ಒಳ್ಳೇ ಕಂಪನಿಯ ಹತ್ತರ ಬಾಕ್ಸು ತಂದರೂ ಅದರಲ್ಲಿ ಕೆಲವು ಹಾಡ್ತವೆ, ಕೆಲವು ಗೊಣಗ್ತವೆ, ಒಂದೆರಡು ಬಾಯೇ ಬಿಡಲ್ಲ. ಅಂದರೆ ಈ ವಾದ್ಯದಲ್ಲಿ ನೆಲ ಆಗಾಗ ನಿಜವಾಗಿಯೂ ಡೊಂಕು.

ಹೊಸಬರ ಪಾಡು ಕೇಳಿ. ಕೀರಲು ದನಿ ಬಂತು. ತಪ್ಪು ರೀಡಿನದಾ, ತುಟಿಯದಾ? ತುಟಿ ಪಳಗಿದ್ದರೆ ರೀಡನ್ನ ಪರೀಕ್ಷಿಸಬಹುದು, ರೀಡು ಸರಿಯಿದ್ದರೆ ತುಟಿಯನ್ನ ಪಳಗಿಸಬಹುದು. ಎರಡೂ ಗ್ಯಾರಂಟಿ ಇಲ್ಲದಾಗ? ಪ್ಲೇಟೋನ 'ಮೆನೋ' ಸಂವಾದದಲ್ಲಿ ಇಂಥದ್ದೇ ಪ್ರಶ್ನೆ ಬರುತ್ತೆ: ಗೊತ್ತೇ ಇಲ್ಲದ್ದನ್ನ ಹುಡುಕೋದು ಹೇಗೆ, ಸಿಕ್ಕಿದರೂ ಇದೇ ಅದು ಅಂತ ತಿಳಿಯೋದು ಹೇಗೆ?

"ಮೇಷ್ಟ್ರೇ, ಈ ರೀಡು ಯಾಕೋ ಸರಿ ಇಲ್ಲ" ಅಂದೆ. ಅವರು ನನ್ನ ರೀಡನ್ನ ತಮ್ಮ ವಾದ್ಯಕ್ಕೆ ಹಾಕಿ, ಮೋಹನದಲ್ಲಿ ಒಂದು ಸುತ್ತು ಹೊಡೆದು, ವಾಪಸ್ ಕೊಟ್ಟರು. "ಚೆನ್ನಾಗೇ ಇದೆಯಲ್ಲಮ್ಮಾ. ನೀನು ಸಾಧನೆ ಮಾಡು."

ಕೇಳೋಕೆ ಇದು ಪಕ್ಕಾ ಪುರಾವೆ ಥರ ಇದೆ. ಅಲ್ಲ. ಪಳಗಿದ ಬಾಯಿ ಕೆಟ್ಟ ರೀಡಿನ ಕೊರತೆಯನ್ನ ತನಗೇ ತಿಳಿಯದ ಹಾಗೆ ತುಂಬಿಕೊಡುತ್ತೆ. ಎಲ್ಲಿ ಒಂಚೂರು ಒತ್ತಬೇಕು, ಎಲ್ಲಿ ಉಸಿರು ಜಾಸ್ತಿ ಬಿಡಬೇಕು, ತುಟಿಗೆ ಗೊತ್ತು. ಹಾಗಾಗಿ ಬಲ್ಲವರ ಬಾಯಲ್ಲಿ ಹಾಡಿತು ಅಂದ ಮಾತ್ರಕ್ಕೆ ರೀಡು ನಿರ್ದೋಷಿ ಆಗಲ್ಲ. ಅವರು ಸುಳ್ಳು ಹೇಳ್ತಿಲ್ಲ. ಅವರಿಗೆ ಡೊಂಕು ಕಾಣ್ತಿಲ್ಲ, ಅಷ್ಟೇ. ಆಫೀಸಿನಲ್ಲಿ ಹೊಸದಾಗಿ ಸೇರಿದ ಹುಡುಗಿಗೆ ಡಾಕ್ಯುಮೆಂಟೇಶನ್ನೇ ಇಲ್ಲದ ಹಳೇ ಕೋಡ್ ಒಪ್ಪಿಸಿ, "ನಾವೆಲ್ಲ ಇದರಲ್ಲೇ ಕೆಲಸ ಮಾಡ್ತಿಲ್ವಾ?" ಅನ್ನೋ ಸೀನಿಯರ್‌ಗೂ ಕಾಣಲ್ಲ.

ಕದ್ರಿ ಗೋಪಾಲನಾಥ್ ಸ್ಯಾಕ್ಸೊಫೋನಿನಲ್ಲಿ ಗಮಕ ಹಿಡಿಯೋಕೆ ಹೊರಟಾಗ ವಾದ್ಯವನ್ನೇ ತಮಗೆ ಬೇಕಾದ ಹಾಗೆ ಮಾರ್ಪಡಿಸಿಕೊಂಡರು. 2004ರಲ್ಲಿ ಪದ್ಮಶ್ರೀ ಪಡೆದ ಅಂಥವರಿಗೆ ಈ ಗಾದೆ ಹೇಳೋರು ಯಾರು? ನೆಲ ಡೊಂಕು ಅನ್ನೋ ಹಕ್ಕು ಚೆನ್ನಾಗಿ ಕುಣಿಯೋರಿಗೆ ಮಾತ್ರ. ಆದರೆ ಸಮ ನೆಲದ ಅಗತ್ಯ ಜಾಸ್ತಿ ಇರೋದು ಕಾಲು ಎತ್ತಿಡೋಕೆ ಕಲೀತಿರೋರಿಗೆ. ನಾವು ಮಾಡೋದು ಉಲ್ಟಾ. ಕಲಿಯೋರಿಗೆ ತಾನೆ, ಅಗ್ಗದ್ದು ಸಾಕು ಅಂತೀವಿ.

ನಮ್ಮ ಕ್ಲಾಸಿಗೆ ಹನ್ನೆರಡು ವರ್ಷದ ಹುಡುಗನೊಬ್ಬ ಬರ್ತಿದ್ದ. ಅವನ ಮಾವ ಊದಿ ಬಿಟ್ಟ ಮೂರೂವರೆ ನಂಬರಿನ ರೀಡು ಅವನ ಪಾಲಿಗೆ ಬಂದಿತ್ತು. ನಂಬರು ಏರಿದಷ್ಟೂ ರೀಡು ಬಿಗಿ. ಹೊಸಬರಿಗೆ ಸಾಮಾನ್ಯವಾಗಿ ಎರಡು, ಎರಡೂವರೆ ಸಾಕು. ಪಾಪ, ಕೆನ್ನೆ ಕೆಂಪಾಗೋ ತನಕ ಊದ್ತಿದ್ದ, ಗಾಳಿಯ ಸದ್ದು ಬಿಟ್ಟರೆ ಏನೂ ಬರ್ತಿರಲಿಲ್ಲ. "ಇವನಿಗೆ ದಮ್ಮಿಲ್ಲ" ಅಂತ ಮನೆಯೋರೇ ತೀರ್ಮಾನ ಮಾಡಿದ್ರು. ಮೂರು ತಿಂಗಳಿಗೆ ನಿಲ್ಲಿಸಿದ. ಒಂದು ಹುಲ್ಲಿನ ಚೂರಿನ ಬಗ್ಗೆ ಹೇಳಬೇಕಿದ್ದ ಮಾತು ಒಂದು ಮಗುವಿನ ಬಗ್ಗೆ ಹೇಳಿದ ಮಾತಾಯ್ತು. ಅವನು ಅದನ್ನ ನಂಬಿಕೊಂಡೇ ಬೆಳೀತಾನೆ ಅನ್ನೋದು ನನಗೆ ಇವತ್ತಿಗೂ ತಡೆಯೋಕಾಗಲ್ಲ.

ಹಾಗಂತ ಎಲ್ಲಾ ತಪ್ಪನ್ನ ರೀಡಿನ ಮೇಲೆ ಹಾಕೋರೂ ಇದಾರೆ. ವಾರಕ್ಕೊಂದು ಬ್ರ್ಯಾಂಡು, ತಿಂಗಳಿಗೊಂದು ಮೌತ್‌ಪೀಸು, ಸರಿಗಮ ಮಾತ್ರ ಮುಂದಕ್ಕೆ ಹೋಗಲ್ಲ. ಗಾದೆ ಹುಟ್ಟಿದ್ದು ಇಂಥವರಿಗೇ, ಒಪ್ಪಿದೆ.

ಅದಕ್ಕೇ ದೂರೋ ಮುಂಚೆ ವಿಚಾರಣೆ ಆಗಬೇಕು. ಪುಣ್ಯಕ್ಕೆ, ಪಳಗದ ತುಟಿಯವರೂ ಮಾಡಬಹುದಾದ ಪರೀಕ್ಷೆಗಳಿವೆ. ರೀಡನ್ನ ಬೆಳಕಿಗೆ ಹಿಡೀರಿ. ನಡುವೆ ದಟ್ಟವಾಗಿ ಕಾಣೋ ಭಾಗ ಎಡಬಲಕ್ಕೆ ಸಮನಾಗಿರಬೇಕು, ನಾರು ನೆಟ್ಟಗೆ ತುದಿ ಮುಟ್ಟಬೇಕು. ಬಣ್ಣ ಹೊಂಬಣ್ಣ ಇದ್ದರೆ ಚೆನ್ನ, ಹಸಿರು ಛಾಯೆ ಇದ್ದರೆ ಸರಿಯಾಗಿ ಮಾಗಿಲ್ಲ. ಹಿಂಭಾಗ ಚಪ್ಪಟೆ ಇರಬೇಕು. ಒದ್ದೆ ಮಾಡಿ, ಕಟ್ಟಿ, ಮೌತ್‌ಪೀಸನ್ನ ಬಾಯಲ್ಲಿ ಒಂಚೂರು ಎಡಕ್ಕೆ ತಿರುಗಿಸಿ ಒಂದೇ ಸ್ವರ ಊದಿ, ಆಮೇಲೆ ಬಲಕ್ಕೆ. ಎರಡೂ ಕಡೆ ಊದೋ ಬಾಯಿ ಒಂದೇ. ಒಂದು ಕಡೆ ಸಲೀಸಾಗಿ ಬಂದು ಇನ್ನೊಂದು ಕಡೆ ಕಟ್ಟಿಕೊಂಡರೆ ಡೊಂಕು ಹೆಚ್ಚಾಗಿ ರೀಡಿನಲ್ಲೇ ಇದೆ. ಮೆನೋಗೆ ಇದು ಪೂರ್ತಿ ಉತ್ತರ ಅಲ್ಲ, ಆದರೆ ಒಂದು ಭಾನುವಾರಕ್ಕೆ ಸಾಕು.

ಇನ್ನೊಂದು. ಹೊಸ ರೀಡಿಗೆ ಮೊದಲ ದಿನವೇ ತೀರ್ಪು ಕೊಡಬಾರದು. ನೆನೆದು ಒಣಗಿ ನೆನೆದು ಅದು ಒಂದು ಹದಕ್ಕೆ ಬರೋಕೆ ಕೆಲವು ದಿನ ಬೇಕು. ನಾನು ಹಿಂಭಾಗದಲ್ಲಿ ಪೆನ್ಸಿಲ್‌ನಿಂದ ನಂಬರು ಬರೆದು, ದಿನಕ್ಕೆ ಐದೈದು ನಿಮಿಷದ ಹಾಗೆ ಸರದಿಯಲ್ಲಿ ಊದ್ತೀನಿ. ಕಂಪನಿಗಳು ನಮಗೆ ಆರು ತಿಂಗಳು ಪ್ರೊಬೇಶನ್ ಕೊಡ್ತವೆ, ಹುಲ್ಲಿಗೆ ಒಂದು ವಾರ ಕೊಟ್ಟರೇನು?

ಈ ಸಲದ ಬಾಕ್ಸಿನಲ್ಲಿ ಎರಡನೇದು ಮತ್ತು ಐದನೇದು ಚೆನ್ನಾಗಿ ಹಾಡ್ತಿವೆ. ಏಳನೇದರ ಎಡಗಡೆ ಬಿಗಿ, ಮೇಷ್ಟ್ರ ಬಾಯಲ್ಲಿ ಎಷ್ಟೇ ಹಾಡಿದರೂ ಬಿಗಿಯೇ. ಮಿಕ್ಕವುಗಳ ವಿಚಾರಣೆ ನಡೀತಿದೆ.