ಸಾಲ ಮತ್ತು ಋಣ

ಹಳೆಯ ಸೀರೆ, ಹರಿದ ಅಂಗಿಗಳನ್ನು ಕತ್ತರಿಸಿ ಕೌದಿ ಹೊಲಿಯುವ ಅಜ್ಜಿಯರನ್ನು ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಕಾಣದವರು ಯಾರು? ಮನೆಯಲ್ಲಿ ಮೊಮ್ಮಗು ಹುಟ್ಟುತ್ತದೆ ಎಂದರೆ ಸಾಕು, ಅಜ್ಜಿಯ ಕೈಗೆ ಸೂಜಿ ದಾರ ಬರುತ್ತದೆ. ಅಂಥದೇ ದೃಶ್ಯವೊಂದನ್ನು ನಾನು ಬಲು ದೂರದಲ್ಲಿ, ಅಮೆರಿಕದ ಮಿನ್ನೆಸೋಟ ರಾಜ್ಯದ ಒಂದು ಸಣ್ಣ ಊರಿನಲ್ಲಿ ಕಂಡೆ. ಹತ್ತು ಹನ್ನೆರಡು ಮಂದಿ ವಯಸ್ಸಾದ ಹೆಂಗಸರು ಉದ್ದನೆಯ ಮೇಜಿನ ಸುತ್ತ ಕುಳಿತು ಬಟ್ಟೆಯ ಚೌಕಗಳನ್ನು ಜೋಡಿಸುತ್ತಿದ್ದರು. ಆದರೆ ಅವರು ಹೊಲಿಯುತ್ತಿದ್ದುದು ತಮ್ಮ ಮೊಮ್ಮಕ್ಕಳಿಗಾಗಿ ಅಲ್ಲ. ಅವರು ಕುಳಿತಿದ್ದ ಜಾಗ ನಮ್ಮ ಕಥೋಲಿಕ ದೇವಾಲಯವೂ ಅಲ್ಲ. ಅದು ಲೂಥರನ್ ಸಭೆಯ ನೆಲಮಾಳಿಗೆ.

ಆ ಊರಿನ ಕಥೋಲಿಕ ಧರ್ಮಕೇಂದ್ರದಲ್ಲಿ ಕೆಲವು ವರ್ಷ ಸೇವೆ ಸಲ್ಲಿಸಲು ನನ್ನನ್ನು ಕಳುಹಿಸಲಾಗಿತ್ತು. 2016ರ ಅಕ್ಟೋಬರ್ 31ರಂದು ಅಂದಿನ ಜಗದ್ಗುರುಗಳಾದ ಫ್ರಾನ್ಸಿಸರು ಸ್ವೀಡನ್ ದೇಶದ ಲುಂಡ್ ನಗರದಲ್ಲಿ ಲೂಥರನ್ ನಾಯಕರೊಂದಿಗೆ ಕೂಡಿ ಪ್ರಾರ್ಥಿಸಿದ್ದರು. ಅದರ ಮರುವರ್ಷ ನಮ್ಮ ಊರಿನಲ್ಲಿಯೂ ಎರಡು ಸಭೆಗಳವರು ಒಟ್ಟಿಗೆ ಪ್ರಾರ್ಥನೆಗೆ ಸೇರಿದೆವು. ಆ ಪರಿಚಯದಿಂದಲೇ ನಾನು ಅವರ ನೆಲಮಾಳಿಗೆಯ ಮೆಟ್ಟಿಲಿಳಿದದ್ದು.

ಲೂಥರನ್ನರು ಎಂದರೆ ಯಾರೆಂದು ಕೆಲವರು ಕೇಳಬಹುದು. 1517ರಲ್ಲಿ ಜರ್ಮನಿಯಲ್ಲಿ ಮಾರ್ಟಿನ್ ಲೂಥರ್ ಎತ್ತಿದ ಪ್ರಶ್ನೆಗಳಿಂದ ಹುಟ್ಟಿದ ಪರಂಪರೆ ಅವರದು. ಭಾರತಕ್ಕೂ ಅವರು ಹೊಸಬರಲ್ಲ; 1706ರಲ್ಲೇ ಜೀಗನ್‌ಬಾಲ್ಗ್ ಎಂಬ ಜರ್ಮನ್ ಬೋಧಕರು ತಮಿಳುನಾಡಿನ ತರಂಗಂಬಾಡಿಗೆ ಬಂದಿಳಿದಿದ್ದರು. ಮಿನ್ನೆಸೋಟಕ್ಕೆ ಈ ವಿಶ್ವಾಸವನ್ನು ತಂದವರು 19ನೆಯ ಶತಮಾನದಲ್ಲಿ ನಾರ್ವೆ, ಸ್ವೀಡನ್, ಜರ್ಮನಿಗಳಿಂದ ವಲಸೆ ಬಂದ ಬಡ ರೈತರು.

ನಾನು ಹೇಳುತ್ತಿರುವ ಸಭೆ ಬಹಳ ಚಿಕ್ಕದು. ಭಾನುವಾರ ನಲವತ್ತು ಐವತ್ತು ಮಂದಿ ಸೇರಿದರೆ ಹೆಚ್ಚು. ಅವರ ಪಾಸ್ಟರರು ಪಕ್ಕದ ಊರಿನ ಇನ್ನೊಂದು ಸಭೆಯನ್ನೂ ನೋಡಿಕೊಳ್ಳಬೇಕಿತ್ತು. ಆದ್ದರಿಂದ ವಾರದ ಕೆಲಸವೆಲ್ಲ ನಡೆಯುತ್ತಿದ್ದುದು ಜನರ ಕೈಯಿಂದ. ಶನಿವಾರ ಇಬ್ಬರು ಹೆಂಗಸರು ಬಂದು ಬಲಿಪೀಠದ ಬಟ್ಟೆಗಳನ್ನು ಇಸ್ತ್ರಿ ಮಾಡಿ ಹಾಸುತ್ತಿದ್ದರು, ಪ್ರಭುಭೋಜನದ ಸಣ್ಣ ಸಣ್ಣ ಗಾಜಿನ ಲೋಟಗಳನ್ನು ಜೋಡಿಸುತ್ತಿದ್ದರು. ಭಾನುವಾರ ಮುಂಜಾನೆ, ಶೂನ್ಯಕ್ಕಿಂತ ಇಪ್ಪತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ, ಒಬ್ಬ ರೈತ ಬಾಗಿಲ ಮುಂದಿನ ಹಿಮ ಸರಿಸಿ ದಾರಿ ಮಾಡುತ್ತಿದ್ದ. ಆರಾಧನೆ ಮುಗಿದ ಮೇಲೆ ಯಾರೂ ನೇರವಾಗಿ ಮನೆಗೆ ಹೋಗುವುದಿಲ್ಲ. ಕೆಳಗೆ ಕಾಫಿ ಕಾದಿರುತ್ತದೆ. ಕಾಣಿಕೆಯ ಹಣವನ್ನು ಯಾವಾಗಲೂ ಇಬ್ಬರು ಕೂಡಿಯೇ ಎಣಿಸುತ್ತಿದ್ದರು. ಮಂಗಳವಾರ ಕೌದಿ. ಬುಧವಾರ ಸಂಜೆ ಹದಿಹರೆಯದವರಿಗೆ ಧರ್ಮೋಪದೇಶ, ಅದಕ್ಕೆ ಮೊದಲು ಎಲ್ಲರಿಗೂ ಊಟ. ಆ ಸೀಮೆಯ ಅನೇಕ ಶಾಲೆಗಳು ಬುಧವಾರದ ಸಂಜೆಯನ್ನು ಚರ್ಚುಗಳಿಗೆಂದು ಬಿಟ್ಟುಕೊಡುವ ರೂಢಿಯಿದೆ. ಯಾರಾದರೂ ತೀರಿಕೊಂಡರೆ ಒಂದು ಮನೆಯಿಂದ ಇನ್ನೊಂದು ಮನೆಗೆ ಫೋನು ಹೋಗುತ್ತದೆ. ಮಣ್ಣು ಮುಗಿಸಿ ಬರುವ ಹೊತ್ತಿಗೆ ಸತ್ತವರ ಕುಟುಂಬಕ್ಕೂ ಬಂದ ನೆಂಟರಿಗೂ ಊಟ ಸಿದ್ಧವಾಗಿರುತ್ತದೆ. ಬೇಸಿಗೆಯಲ್ಲಿ ಸಮಾಧಿಭೂಮಿಯ ಹುಲ್ಲು ಕತ್ತರಿಸುವುದಕ್ಕೂ ಸರದಿ ಉಂಟು. ಇದಾವುದಕ್ಕೂ ಸಂಬಳವಿಲ್ಲ.

ಆ ಕೌದಿಗಳು 60 ಇಂಚು ಅಗಲ, 80 ಇಂಚು ಉದ್ದ. ಶರತ್ಕಾಲದಲ್ಲಿ ಅವನ್ನೆಲ್ಲ ದೇವಾಲಯದ ಬೆಂಚುಗಳ ಮೇಲೆ ಹರಡಿ, ಪ್ರಾರ್ಥಿಸಿ, ಪೆಟ್ಟಿಗೆಗೆ ತುಂಬುತ್ತಾರೆ. 1945ರಲ್ಲಿ, ಯುದ್ಧದಿಂದ ನೊಂದ ಯೂರೋಪಿನ ಜನರಿಗಾಗಿ ಹುಟ್ಟಿಕೊಂಡ ‘ಲೂಥರನ್ ವರ್ಲ್ಡ್ ರಿಲೀಫ್’ ಎಂಬ ಸಂಸ್ಥೆ ಅವನ್ನು ಯುದ್ಧ, ನೆರೆ, ಭೂಕಂಪಗಳಿಂದ ಮನೆ ಕಳೆದುಕೊಂಡವರಿಗೆ ತಲುಪಿಸುತ್ತದೆ. ಅಲ್ಲಿ ನಾನು ನೋಡಿದ ಯಾವ ಕೌದಿಯ ಮೇಲೂ ಹೊಲಿದವರ ಹೆಸರಿರಲಿಲ್ಲ.

ಗುರುಮಠದಲ್ಲಿ ದೈವಶಾಸ್ತ್ರ ಓದಿದ ನನ್ನ ತಲೆಯಲ್ಲಿ ಒಂದು ಪ್ರಶ್ನೆ ಕೊರೆಯುತ್ತಿತ್ತು. ಮನುಷ್ಯನ ಸತ್ಕಾರ್ಯಗಳು ಅವನಿಗೆ ರಕ್ಷಣೆಯನ್ನು ಗಳಿಸಿಕೊಡಲಾರವು, ದೇವರ ಕೃಪೆಯನ್ನು ವಿಶ್ವಾಸದಿಂದ ಪಡೆಯುವುದೊಂದೇ ಮಾರ್ಗ ಎಂಬುದು ಲೂಥರನ್ನರ ಮೂಲ ಬೋಧನೆ. ಹಾಗಾದರೆ ಇಷ್ಟೆಲ್ಲ ಕೆಲಸ ಏತಕ್ಕೆ? ಒಂದು ಮಂಗಳವಾರ, ಎಂಬತ್ತು ದಾಟಿದ ಒಬ್ಬ ವಿಧವೆಯ ಪಕ್ಕದಲ್ಲಿ ಕುಳಿತು ಹಾಸ್ಯಕ್ಕೆಂದು, “ಬಹಳ ಪುಣ್ಯ ಕಟ್ಟಿಕೊಳ್ಳುತ್ತಿದ್ದೀರಿ” ಎಂದೆ. ಆಕೆ ಸೂಜಿಯಿಂದ ಕಣ್ಣು ಎತ್ತದೆ ಹೇಳಿದರು: “ಕಟ್ಟಿಕೊಳ್ಳುವುದಕ್ಕೆ ಏನಿದೆ, ಫಾದರ್? ದೇವರು ಕೊಡಬೇಕಾದ್ದನ್ನೆಲ್ಲ ಕೊಟ್ಟಾಗಿದೆ. ನನಗೆ ಸಮಯ ಬೇಕಾದಷ್ಟಿದೆ. ಯಾರೋ ಎಲ್ಲಿಯೋ ಚಳಿಯಲ್ಲಿದ್ದಾರೆ.”

ಈ ಉತ್ತರ ನಮ್ಮ ಧರ್ಮಸಭೆಯ ಬೋಧನೆಗೆ ವಿರುದ್ಧವೇ? ಅಲ್ಲ. 1547ರಲ್ಲಿ ಟ್ರೆಂಟ್ ಮಹಾಸಭೆಯೇ ಸ್ಪಷ್ಟವಾಗಿ ಬೋಧಿಸಿದೆ: ದೇವರೊಡನೆ ನಮಗೆ ದೊರೆಯುವ ಸತ್ಸಂಬಂಧ ನಮ್ಮ ಹಿಂದಿನ ಯಾವ ಕಾರ್ಯದಿಂದಲೂ ಸಂಪಾದಿಸಿದ್ದಲ್ಲ, ಅದು ಉಚಿತ ವರ. ಸತ್ಕಾರ್ಯಗಳಿಗೆ ಪ್ರತಿಫಲವುಂಟು ಎಂದು ನಾವು ನಂಬುತ್ತೇವೆ, ನಿಜ. ಆದರೆ ಆ ಕಾರ್ಯಗಳನ್ನು ಮಾಡುವ ಶಕ್ತಿಯೂ ದೇವರದೇ ಕೊಡುಗೆ. ಆದ್ದರಿಂದ ನಮಗೆ ಕಿರೀಟ ತೊಡಿಸುವಾಗ ದೇವರು ತಮ್ಮ ಕೊಡುಗೆಗಳಿಗೇ ಕಿರೀಟ ತೊಡಿಸುತ್ತಾರೆ ಎಂಬ ಅರ್ಥದಲ್ಲಿ ಸಂತ ಅಗಸ್ಟೀನರು ಬೋಧಿಸಿದ್ದಾರೆ. 1999ರ ಅಕ್ಟೋಬರ್ 31ರಂದು ಜರ್ಮನಿಯ ಔಗ್ಸ್‌ಬರ್ಗ್ ನಗರದಲ್ಲಿ ಕಥೋಲಿಕ ಧರ್ಮಸಭೆ ಮತ್ತು ವಿಶ್ವ ಲೂಥರನ್ ಒಕ್ಕೂಟ ಸಹಿ ಮಾಡಿದ ಜಂಟಿ ಘೋಷಣೆಯೂ ಇದನ್ನೇ ಸಾರಿತು: ನಮ್ಮ ಯೋಗ್ಯತೆಯಿಂದಲ್ಲ, ಕೃಪೆಯಿಂದ ದೇವರು ನಮ್ಮನ್ನು ಸ್ವೀಕರಿಸುತ್ತಾರೆ, ಹಾಗೆ ಸ್ವೀಕೃತರಾದವರನ್ನು ಪವಿತ್ರಾತ್ಮರು ಸತ್ಕಾರ್ಯಗಳಿಗೆ ಕರೆಯುತ್ತಾರೆ. ಇನ್ನೂ ನಮ್ಮ ನಡುವೆ ಭೇದಗಳಿವೆ. ಅವರ ಪ್ರಭುಭೋಜನದ ವೇಳೆ ನಾನು ಬೆಂಚಿನಲ್ಲೇ ಕುಳಿತಿರುತ್ತಿದ್ದೆ. ಆ ನೋವು ಸಣ್ಣದಲ್ಲ. ಆದರೆ ಈ ಒಂದು ವಿಷಯದಲ್ಲಿ ಆ ವೃದ್ಧೆ ನನಗಿಂತ ಚೆನ್ನಾಗಿ ಪಾಠ ಕಲಿತಿದ್ದರು.

ನಮ್ಮ ಕನ್ನಡದಲ್ಲಿ ಎರಡು ಪದಗಳಿವೆ: ಸಾಲ ಮತ್ತು ಋಣ. ಸಾಲಕ್ಕೆ ಮೊತ್ತವುಂಟು, ಗಡುವು ಉಂಟು, ಪತ್ರವುಂಟು. ತೀರಿಸದಿದ್ದರೆ ಕೊಟ್ಟವನು ಕೋರ್ಟಿಗೆ ಹೋಗಬಹುದು. ತೀರಿಸಿದರೆ ಇಬ್ಬರೂ ಬಿಡುಗಡೆ. ಋಣ ಹಾಗಲ್ಲ. ಹೆತ್ತ ತಾಯಿಯ ಋಣ, ಉಂಡ ಅನ್ನದ ಋಣ, ಹುಟ್ಟಿದ ಮಣ್ಣಿನ ಋಣ ಎನ್ನುತ್ತೇವೆ. ಅದನ್ನು ಯಾರೂ ವಸೂಲು ಮಾಡಲಾರರು. ಆದರೂ ಅದನ್ನು ಮರೆತವನನ್ನು ನಾವು ಕೃತಘ್ನ ಎಂದು ಕರೆಯುತ್ತೇವೆ.

ಸಂತ ತೋಮಸ್ ಅಕ್ವಿನಾಸರು ತಮ್ಮ ‘ಸುಮ್ಮಾ ಥಿಯೋಲಾಜಿಕಾ’ದಲ್ಲಿ ಕೃತಜ್ಞತೆಯನ್ನು ವಿವರಿಸುವಾಗ ಇದೇ ಭೇದವನ್ನು ಕಾಣಿಸುತ್ತಾರೆ. ಕಾನೂನಿನ ಬಾಧ್ಯತೆ ಬೇರೆ, ಮನಸ್ಸಾಕ್ಷಿಯ ಬಾಧ್ಯತೆ ಬೇರೆ. ಕೃತಜ್ಞತೆಯ ಬಾಧ್ಯತೆ ಪ್ರೀತಿಯಿಂದ ಹುಟ್ಟುವುದರಿಂದ, ಸಲ್ಲಿಸಿದಷ್ಟೂ ಅದು ಬೆಳೆಯುತ್ತದೆ. ಉಪಕಾರವನ್ನು ತರಾತುರಿಯಲ್ಲಿ ಹಿಂದಿರುಗಿಸಿ ಕೈ ತೊಳೆದುಕೊಳ್ಳಲು ಹೊರಟವನು ಉಪಕಾರಿಗೆ ಬದ್ಧನಾಗಿರಲು ಇಷ್ಟವಿಲ್ಲದವನು ಎಂಬ ಸೆನೆಕನ ಮಾತನ್ನೂ ಅವರು ಒಪ್ಪುತ್ತಾರೆ. ಅಂಥವನು ಋಣವನ್ನು ಸಾಲ ಮಾಡಿಬಿಡುತ್ತಾನೆ. ದೇವಾಲಯಕ್ಕೆ ಬೆಂಚು ಕೊಟ್ಟು ಅದರ ಮೇಲೆ ಹೆಸರು ಕೆತ್ತಿಸುವಾಗ, ಹಬ್ಬದ ಖರ್ಚು ವಹಿಸಿ ಮೊದಲ ಸಾಲಿನಲ್ಲಿ ಕುರ್ಚಿ ಕೇಳುವಾಗ ನಾವು ಒಮ್ಮೊಮ್ಮೆ ಮಾಡುವುದು ಇದನ್ನೇ ಅಲ್ಲವೇ? ಕೊಟ್ಟದ್ದಕ್ಕೆ ರಸೀತಿ ಬೇಕೆನ್ನುತ್ತೇವೆ.

ಇಲ್ಲಿಗೆ ನಿಲ್ಲಿಸಿದ್ದರೆ ಇದೊಂದು ಸುಂದರ ಪ್ರಬೋಧನೆಯಾಗುತ್ತಿತ್ತು. ಆದರೆ ಆ ಸಭೆಯಲ್ಲಿ ನಾನು ಇನ್ನೊಂದನ್ನೂ ಕಂಡೆ.

ಅವರ ಖಜಾಂಚಿ ಒಬ್ಬ ನಿವೃತ್ತ ರೈತ. ಅವರ ಹೆಂಡತಿ ಕಥೋಲಿಕರು, ನನ್ನ ಧರ್ಮಕೇಂದ್ರದವರು. ಹತ್ತೊಂಬತ್ತು ವರ್ಷ ಆತ ಸಭೆಯ ಲೆಕ್ಕಪತ್ರ ನೋಡಿಕೊಂಡಿದ್ದರು. ಜನವರಿಯಲ್ಲಿ ನಡೆಯುವ ವಾರ್ಷಿಕ ಸಭೆಯಲ್ಲಿ ಆಯವ್ಯಯ ಓದಿ, “ಇನ್ನು ಬೇರೆ ಯಾರಾದರೂ ವಹಿಸಿಕೊಳ್ಳಿ” ಎಂದರಂತೆ. ಒಬ್ಬರೂ ಕೈ ಎತ್ತಲಿಲ್ಲ. ಎಲ್ಲರೂ ನೆಲ ನೋಡುತ್ತ ಕುಳಿತರು. ಮರುದಿನ ಅವರ ಮನೆಯಲ್ಲಿ ಕಾಫಿ ಕುಡಿಯುವಾಗ ಆತ ನನ್ನೊಡನೆ ಹೇಳಿದರು: “ಹತ್ತೊಂಬತ್ತು ವರ್ಷ ಸಭೆಯ ಲೆಕ್ಕ ಬರೆದೆ, ಫಾದರ್. ನಿನ್ನೆ ಮೊದಲ ಸಲ, ಇವರೆಲ್ಲ ನನಗೆ ಎಷ್ಟು ಕೊಡಬೇಕು ಎಂದು ಲೆಕ್ಕ ಹಾಕಿದೆ.” ಹೆಂಡತಿ ಮೆಲ್ಲಗೆ, ವರ್ಷದ ಕೊನೆಯ ಲೆಕ್ಕದ ಕಾರಣ ಮೂರು ಕ್ರಿಸ್ಮಸ್‌ಗಳಿಂದ ಮಗಳ ಮನೆಗೆ ಹೋಗಿಲ್ಲ ಎಂದರು.

ಪ್ರೀತಿಯಿಂದ ಆರಂಭವಾದ ಸೇವೆ ಕಹಿಯಾಗುವುದು ಹೀಗೆ. ತಪ್ಪು ಯಾರದು? ಕೈ ಎತ್ತದವರನ್ನು ದೂಷಿಸೋಣವೇ? ಸೇವೆ ಸ್ವಇಚ್ಛೆಯದಾದರೆ ಮಾಡದಿರುವ ಸ್ವಾತಂತ್ರ್ಯವೂ ಇರಬೇಕಲ್ಲ ಎಂದು ಅವರು ವಾದಿಸಬಹುದು. ಸಾಲದ ಭಾಷೆಯಲ್ಲಿ ಈ ವಾದಕ್ಕೆ ಉತ್ತರವಿಲ್ಲ. ಅವರು ಯಾರಿಗೂ ಏನೂ ಬರೆದುಕೊಟ್ಟಿಲ್ಲ. ಋಣದ ಭಾಷೆಯಲ್ಲಿ ಉತ್ತರವುಂಟು. ಬೆಚ್ಚಗಿನ ದೇವಾಲಯದಲ್ಲಿ ಕುಳಿತವರು, ತಂದೆಯ ಮಣ್ಣಿನ ದಿನ ಆ ನೆಲಮಾಳಿಗೆಯಲ್ಲಿ ಉಂಡವರು, ಬುಧವಾರದ ಪಾಠಕ್ಕೆ ಮಕ್ಕಳನ್ನು ಕಳುಹಿಸಿದವರು ಪಡೆದಿದ್ದಾರೆ. ಪಡೆದದ್ದನ್ನು ನೆನೆಯದಿರುವುದು ಅಪರಾಧವಾಗದಿರಬಹುದು, ಕೊರತೆಯಂತೂ ಹೌದು.

ಆದರೆ ಖಜಾಂಚಿಯ ಪಾಲೂ ಸ್ವಲ್ಪ ಇತ್ತು, ಅದನ್ನು ಆತನೇ ಒಪ್ಪಿಕೊಂಡರು. ಇಷ್ಟು ವರ್ಷ ಆತ ಯಾರಿಗೂ ಆ ಕೆಲಸ ಕಲಿಸಿರಲಿಲ್ಲ. ಎಲ್ಲರ ಋಣವನ್ನೂ ಒಬ್ಬನೇ ಸಲ್ಲಿಸಹೊರಟರೆ ಉಳಿದವರಿಗೆ ಸಲ್ಲಿಸುವ ಅವಕಾಶವೇ ಇರುವುದಿಲ್ಲ. ಸಂತ ಪೌಲರು ಗಲಾತ್ಯರಿಗೆ ಬರೆದ ಪತ್ರದ ಆರನೆಯ ಅಧ್ಯಾಯದಲ್ಲಿ ಒಬ್ಬರ ಭಾರವನ್ನು ಇನ್ನೊಬ್ಬರು ಹೊರಬೇಕೆನ್ನುತ್ತಾರೆ. ಅದೇ ಅಧ್ಯಾಯದಲ್ಲಿ ಪ್ರತಿಯೊಬ್ಬನೂ ತನ್ನ ಹೊರೆಯನ್ನು ತಾನೇ ಹೊರಬೇಕೆಂದೂ ಹೇಳುತ್ತಾರೆ. ಎರಡೂ ಬೇಕು. ಕಡೆಯ ಭೋಜನದ ರಾತ್ರಿ ಪೇತ್ರನಿಗೆ ಕಷ್ಟವಾದದ್ದು ಯೇಸುವಿನ ಸೇವೆ ಮಾಡುವುದಲ್ಲ, ಯೇಸುವಿನಿಂದ ಕಾಲು ತೊಳೆಸಿಕೊಳ್ಳುವುದು. ಸೇವೆ ಪಡೆಯಲು ಒಲ್ಲದವನು, ತಾನೂ ಪಡೆದವನೇ ಎಂಬುದನ್ನು ಕ್ರಮೇಣ ಮರೆಯುತ್ತಾನೆ.

ಮುಂದೆ ಆ ಸಭೆಯವರು ದೊಡ್ಡ ಪವಾಡವನ್ನೇನೂ ಮಾಡಲಿಲ್ಲ. ಎರಡು ತಿಂಗಳ ಮಾತುಕತೆಯ ನಂತರ ಖಜಾಂಚಿಯ ಕೆಲಸವನ್ನು ಮೂರು ಭಾಗ ಮಾಡಿದರು. ಬಿಲ್ಲುಗಳನ್ನು ಪಾವತಿಸುವುದನ್ನು ಒಬ್ಬ ಎಳೆಯ ತಾಯಿ ಒಪ್ಪಿಕೊಂಡಳು. ಬುಧವಾರದ ಊಟವನ್ನು ತಪಸ್ಸುಕಾಲಕ್ಕೆ ಮಾತ್ರ ಸೀಮಿತಗೊಳಿಸಿದರು. ಅದನ್ನು ನಡೆಸುವಷ್ಟು ಕೈಗಳು ಈಗ ಇಲ್ಲವೆಂದು ಒಪ್ಪಿಕೊಳ್ಳಲು ಅವರಿಗೆ ನೋವಾಯಿತು. ಹಳೆಯ ಖಜಾಂಚಿ ಕೆಲವು ತಿಂಗಳು ಯಾವ ಕೆಲಸವನ್ನೂ ಮಾಡದೆ, ಸುಮ್ಮನೆ ಬೆಂಚಿನಲ್ಲಿ ಕುಳಿತು ಆರಾಧನೆಯಲ್ಲಿ ಪಾಲ್ಗೊಂಡರು. ಆ ವರ್ಷದ ಕ್ರಿಸ್ಮಸ್ಸಿಗೆ ದಂಪತಿಗಳು ಮಗಳ ಮನೆಗೆ ಹೋದರು.

ಪ್ರಿಯ ಓದುಗರೇ, ಇದನ್ನು ಬರೆಯುವಾಗ ನನ್ನ ತಪ್ಪನ್ನೂ ಹೇಳಬೇಕು. ಊರಿಗೆ ಮರಳಿ ಧರ್ಮಕೇಂದ್ರದ ಹೊಣೆ ಹೊತ್ತ ಮೇಲೆ ಹೂದಾನಿಯಿಂದ ಹಿಡಿದು ಲೆಕ್ಕದ ಪುಸ್ತಕದವರೆಗೆ ಎಲ್ಲವನ್ನೂ ನಾನೇ ನೋಡಿಕೊಂಡೆ. ಬೀರುವಿನ ಬೀಗದ ಕೈ ನನ್ನ ಜೇಬಿನಲ್ಲೇ ಇರುತ್ತಿತ್ತು. ಆಮೇಲೆ ಭಾನುವಾರದ ಪ್ರಬೋಧನೆಯಲ್ಲಿ, “ನಿಮಗೆ ಜವಾಬ್ದಾರಿಯೇ ಇಲ್ಲ” ಎಂದು ಜನರನ್ನೇ ಗದರಿಸಿದೆ. ದೀಕ್ಷಾಸ್ನಾನ ಪಡೆದ ಎಲ್ಲರೂ ಕ್ರಿಸ್ತರ ಯಾಜಕತ್ವದಲ್ಲಿ ತಮ್ಮದೇ ರೀತಿಯಲ್ಲಿ ಪಾಲುಗಾರರು ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1964ರಲ್ಲೇ ಬೋಧಿಸಿತು. ಮರುವರ್ಷ ಶ್ರೀಸಾಮಾನ್ಯರ ಪ್ರೇಷಿತ ಕಾರ್ಯದ ಬಗ್ಗೆ ಪ್ರತ್ಯೇಕ ದಸ್ತಾವೇಜನ್ನೇ ಹೊರಡಿಸಿತು. ನಾನು ಅದನ್ನು ಓದಿ ಪರೀಕ್ಷೆ ಬರೆದವನು. ಆದರೂ ನನ್ನ ಜನರನ್ನು ಅವರ ಮನೆಯಲ್ಲೇ ಅತಿಥಿಗಳನ್ನಾಗಿ ಮಾಡಿದ್ದೆ.

ನಮ್ಮ ಧರ್ಮಕೇಂದ್ರಗಳಲ್ಲಿಯೂ ಸದ್ದಿಲ್ಲದೆ ದುಡಿಯುವವರು ಇದ್ದಾರೆ: ಭಾನುವಾರ ಮಕ್ಕಳಿಗೆ ಧರ್ಮೋಪದೇಶ ಕಲಿಸುವವರು, ರೋಗಿಗಳ ಮನೆಗೆ ಹೋಗುವ ವಿನ್ಸೆಂಟ್ ದೆ ಪಾಲ್ ಸಭೆಯವರು, ಗಾಯನವೃಂದದವರು. ಈ ವಾರ ಅಂಥ ಒಬ್ಬರ ಬಳಿ ಹೋಗಿ, “ನಿಮ್ಮ ಕೆಲಸ ನನಗೂ ಸ್ವಲ್ಪ ಕಲಿಸಿಕೊಡಿ” ಎಂದು ಕೇಳಿ. ನೀವೇ ಅಂಥವರಾಗಿದ್ದರೆ, ಯಾರಾದರೂ ಬಂದು ಕೇಳಿದಾಗ ಬೇಡವೆನ್ನಬೇಡಿ. ಮೊದಲ ಸಲ ಅವರು ತಪ್ಪು ಮಾಡಿದರೂ ಸರಿ. ಮನೆಯವರನ್ನು ಮರೆಸುವಷ್ಟು ಕೆಲಸ ದೇವಾಲಯದಲ್ಲಿ ನಿಮಗಿದ್ದರೆ ನಿಮ್ಮ ಗುರುಗಳಿಗೆ ಹೇಳಿ. ಕೇಳಿಸಿಕೊಳ್ಳುವುದು ನಮ್ಮ ಕರ್ತವ್ಯ.

ಬೀರುವಿನ ಬೀಗದ ಕೈ ಈಗ ಇಬ್ಬರು ತಾಯಂದಿರ ಬಳಿ ಇದೆ. ಕಳೆದ ಭಾನುವಾರ ಬಲಿಪೀಠದ ಬಟ್ಟೆ ಒಂದು ಬದಿಗೆ ಸ್ವಲ್ಪ ವಾಲಿತ್ತು. ಬಲಿಪೂಜೆಗೆ ಮೊದಲು ಅದನ್ನು ಸರಿಪಡಿಸಲು ನನ್ನ ಕೈ ತಾನಾಗಿಯೇ ಮುಂದೆ ಹೋಯಿತು. ಹಿಂದಕ್ಕೆ ತೆಗೆದುಕೊಂಡೆ.